ಎರಡು ಪದರದ ಪ್ಲಾಸ್ಟಿಕ್ ಕೆತ್ತನೆ: ದೋಷ ಯಾವುದರ ಜೊತೆ ಸರಿಯುತ್ತದೆ ಎಂದು ಮೊದಲು ನೋಡಿ

ಹೋಂಸ್ಟೇ ಕೋಣೆಗಳ ನಂಬರು, ರೆಸಾರ್ಟ್ ಸಿಬ್ಬಂದಿಯ ಬ್ಯಾಡ್ಜು, ಐನ್‌ಮನೆಯ (ಕೊಡವ ಮನೆತನದ ಮೂಲಮನೆಯ) ಬಾಗಿಲಿಗೆ ಒಕ್ಕದ, ಅಂದರೆ ಮನೆತನದ, ಹೆಸರು, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸ್ವಿಚ್‌ಬೋರ್ಡಿಗೆ ಪಟ್ಟಿ, ರಜೆಗೆ ಊರಿಗೆ ಬಂದ ಸೈನಿಕರ ಎದೆಯ ನೇಮ್‌ಪ್ಲೇಟು. ಕೊಡಗಿನಲ್ಲಿ ಎರಡು ಪದರದ ಪ್ಲಾಸ್ಟಿಕ್ಕನ್ನು (ಮೇಲೊಂದು ಬಣ್ಣ, ಕೆಳಗೊಂದು ಬಣ್ಣ ಇರುವ ಶೀಟನ್ನು) ಲೇಸರಿನಲ್ಲೋ ತಿರುಗುವ ಕಟ್ಟರಿನಲ್ಲೋ ಕೆತ್ತುವವರ ಕೈಗೆ ಬರುವ ಕೆಲಸ ಹೆಚ್ಚುಕಡಿಮೆ ಇಂಥದ್ದೇ. ಎಲ್ಲವೂ ಚಿಕ್ಕವು, ಎಲ್ಲವನ್ನೂ ಜನ ಹತ್ತಿರದಿಂದ ನೋಡುತ್ತಾರೆ. ಹತ್ತು ಅಡಿಯ ಫ್ಲೆಕ್ಸಿನಲ್ಲಿ ಮುಚ್ಚಿಹೋಗುವ ತಪ್ಪು ಮೂರು ಇಂಚಿನ ಬ್ಯಾಡ್ಜಿನಲ್ಲಿ ಎದ್ದು ಕಾಣುತ್ತದೆ.

ಕೆತ್ತನೆ ಕೆಟ್ಟಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಲೇಸರಿನ ಪವರ್ ಸೆಟ್ಟಿಂಗಿಗೆ. ಅಕ್ಷರ ಮಸುಕಾಗಿದೆಯೇ, ಪವರ್ ಏರಿಸು. ಕರಗಿದೆಯೇ, ಇಳಿಸು. ಹೀಗೆ ಮಾಡಿದರೆ ಆ ಒಂದು ತುಂಡು ಸರಿಹೋಗಬಹುದು, ಮೂಲ ಕಾರಣ ಹಾಗೇ ಉಳಿದು ಮುಂದಿನ ಶೀಟಿನಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಸೆಟ್ಟಿಂಗ್ ಮುಟ್ಟುವ ಮೊದಲು ದೋಷ ಎಲ್ಲಿ ವಾಸವಾಗಿದೆ ಎಂದು ತಿಳಿಯಬೇಕು. ಅದು ಇರಬಹುದಾದ ಜಾಗ ನಾಲ್ಕೇ: ಶೀಟು, ಯಂತ್ರ, ಫೈಲು, ಆ ಹೊತ್ತಿನ ಹವೆ ಮತ್ತು ಕರೆಂಟು.

ತಿರುಗಿಸಿ ನೋಡುವ ಪರೀಕ್ಷೆ

ಒಂದು ಫೈಲಿನಲ್ಲಿ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ತುಂಬಿದ ಚೌಕ ಬರೆದಿಟ್ಟುಕೊಳ್ಳಿ. ಒಂದೊಂದೂ 15 ಮಿ.ಮೀ. ಸಾಕು. ಪ್ರತಿ ಚೌಕದ ಪಕ್ಕ ಒಂದು ಸಣ್ಣ ಅಕ್ಷರ ಇರಲಿ. ದೋಷ ಬಂದ ಶೀಟಿನದೇ ಒಂದು ದೊಡ್ಡ ತುಂಡಿನ ಮೇಲೆ ಇದನ್ನು ಕೆತ್ತಿ. ಯಾವ ಮೂಲೆ ಕೆಟ್ಟಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಈಗ ಶೀಟನ್ನು ಅರ್ಧ ಸುತ್ತು ತಿರುಗಿಸಿಟ್ಟು, ಫೈಲನ್ನು 20 ಮಿ.ಮೀ. ಪಕ್ಕಕ್ಕೆ ಸರಿಸಿ, ಅದೇ ಸೆಟ್ಟಿಂಗಿನಲ್ಲಿ ಮತ್ತೆ ಕೆತ್ತಿ.

ಕೆಟ್ಟ ಮೂಲೆ ಶೀಟಿನ ಜೊತೆ ತಿರುಗಿ ಆಚೆ ಬದಿಗೆ ಹೋಯಿತೇ? ಹಾಗಾದರೆ ಶೀಟು ಬಾಗಿದೆ, ಇಲ್ಲವೇ ಅದರ ದಪ್ಪ ಒಂದೇ ಸಮ ಇಲ್ಲ. ಬೆಡ್ಡಿನ (ಯಂತ್ರದಲ್ಲಿ ಶೀಟು ಇಡುವ ಹಾಸಿನ) ಅದೇ ಮೂಲೆಯಲ್ಲೇ ಕೂತಿತೇ? ಬೆಡ್ ಮಟ್ಟ ತಪ್ಪಿದೆ, ಲೇಸರ್ ಆದರೆ ಕನ್ನಡಿಗಳ ಜೋಡಣೆ ಜಾರಿದೆ. ಎರಡೂ ಅಲ್ಲ, ಎಲ್ಲಿಟ್ಟರೂ ಅದೇ ಅಕ್ಷರದಲ್ಲಿ ದೋಷ ಬರುತ್ತಿದ್ದರೆ ಫೈಲು ನೋಡಿ. ಯಾವ ಕ್ರಮವೂ ಇಲ್ಲದೆ ಬೆಳಿಗ್ಗೆ ಚೆನ್ನಾಗಿ ಬಂದು ಮಧ್ಯಾಹ್ನ ಕೆಟ್ಟರೆ, ಪಕ್ಕದ ತೋಟದ ಪಂಪು ಶುರುವಾದಾಗ ಕೆಟ್ಟರೆ, ಲೇಸರ್ ಟ್ಯೂಬನ್ನು ತಣಿಸುವ ನೀರಿನ ಉಷ್ಣತೆ, ತೇವ, ವೋಲ್ಟೇಜು ಇವುಗಳ ಕಡೆ ತಿರುಗಬೇಕು.

ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ನನ್ನ ಮಟ್ಟಿಗೆ ಇದನ್ನು ಬಿಟ್ಟು ಮಾಡುವ ಯಾವ ರಿಪೇರಿಯೂ ಊಹೆಯೇ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ, ಬದಲಿಸಿದ್ದನ್ನು ಆ ತುಂಡಿನ ಹಿಂಭಾಗದಲ್ಲೇ ಬರೆದಿಡಿ. ಆ ತುಂಡುಗಳನ್ನು ಎಸೆಯಬೇಡಿ, ಯಂತ್ರದ ನಿಜವಾದ ಕೈಪಿಡಿ ಅವೇ.

ಶೀಟು: ಮೇಲ್ಪದರ ಎಷ್ಟು ದಪ್ಪ?

ಈ ಪ್ಲಾಸ್ಟಿಕ್ಕಿನ ಗುಟ್ಟೆಲ್ಲ ಮೇಲ್ಪದರದಲ್ಲಿದೆ. ಒಟ್ಟು ದಪ್ಪ ಸಾಮಾನ್ಯವಾಗಿ 1.6 ಮಿ.ಮೀ. ಮೇಲೆ ಒಂದು ಬಣ್ಣದ ತೆಳು ಪದರ, ಕೆಳಗೆ ಇನ್ನೊಂದು ಬಣ್ಣದ ದಪ್ಪ ಪದರ. ಮೇಲಿನದನ್ನು ತೆಗೆದಲ್ಲಿ ಒಳಗಿನ ಬಣ್ಣ ಅಕ್ಷರವಾಗಿ ಕಾಣುತ್ತದೆ. ತಿರುಗುವ ಕಟ್ಟರಿಗೆಂದು ಮಾಡಿದ ಶೀಟಿನಲ್ಲಿ ಮೇಲ್ಪದರ ಸುಮಾರು 0.2ರಿಂದ 0.3 ಮಿ.ಮೀ. ಇರುತ್ತದೆ. ಲೇಸರಿಗೆಂದು ಮಾಡಿದ್ದರಲ್ಲಿ ಅದು 0.1 ಮಿ.ಮೀ.ಗಿಂತಲೂ ತೆಳು. ಎರಡೂ ಹೊರಗಿನಿಂದ ನೋಡಲು ಒಂದೇ ತರ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಪಾರ್ಸೆಲ್ ತರಿಸಿದಾಗ ಬಿಲ್ಲಿನಲ್ಲಿ ಬಣ್ಣ ಮತ್ತು ಅಳತೆ ಬರೆದಿರುತ್ತದೆ, ಯಾವ ಯಂತ್ರದ್ದು ಎಂದು ಎಷ್ಟೋ ಸಲ ಬರೆದಿರುವುದಿಲ್ಲ.

ಕಟ್ಟರ್ ಶೀಟನ್ನು ಲೇಸರಿಗೆ ಹಾಕಿದರೆ ದಪ್ಪ ಮೇಲ್ಪದರ ತೆಗೆಯಲು ಬಹಳ ಶಾಖ ಬೇಕಾಗುತ್ತದೆ. ಆ ಶಾಖಕ್ಕೆ ಅಂಚು ಕರಗಿ ಏಳುತ್ತದೆ, ತಳ ಉಬ್ಬುತಗ್ಗಾಗುತ್ತದೆ. ಇಂಥ ಶೀಟಿನ ಮುಂದೆ ಎಷ್ಟು ಸೆಟ್ಟಿಂಗ್ ತಿರುಗಿಸಿದರೂ ಫಲವಿಲ್ಲ. ಉಲ್ಟಾ ಮಾಡಿದರೆ, ಅಂದರೆ ಲೇಸರ್ ಶೀಟನ್ನು ಕಟ್ಟರಿಗೆ ಹಾಕಿದರೆ, ಕೆತ್ತನೆ ಬರುತ್ತದೆ, ಆದರೆ ತೆಳು ಮೇಲ್ಪದರದ ಮೇಲೆ ಕಟ್ಟರಿನ ಮೂತಿ ಉಜ್ಜಿ ಗೀರು ಬೀಳುತ್ತದೆ. ಆದ್ದರಿಂದ ಶೀಟು ಬಂದ ದಿನವೇ ಒಂದು ಮೂಲೆ ಕತ್ತರಿಸಿ, ಅಂಚನ್ನು ನಯವಾದ ಉಪ್ಪುಕಾಗದದಲ್ಲಿ ತೀಡಿ, ಭೂತಗನ್ನಡಿಯಲ್ಲಿ ನೋಡಿ. ಮೇಲ್ಪದರದ ಗೆರೆ ದಾರದಷ್ಟು ಸ್ಪಷ್ಟವಾಗಿ ಕಂಡರೆ ಅದು ಕಟ್ಟರಿನದು. ಹುಡುಕಿದರೂ ಕಾಣದಷ್ಟು ತೆಳುವಾಗಿದ್ದರೆ ಲೇಸರಿನದು.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಯಾವ ಪ್ಲಾಸ್ಟಿಕ್ ಎಂದು ಗೊತ್ತಿಲ್ಲದ ಶೀಟನ್ನು ಲೇಸರಿಗೆ ಹಾಕಬಾರದು. ಅದು ಪಿವಿಸಿ ಆಗಿದ್ದರೆ ಹೊರಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಉಸಿರಾಟಕ್ಕೆ ವಿಷ, ಯಂತ್ರದ ರೈಲು, ಸ್ಕ್ರೂ, ಕನ್ನಡಿ ಎಲ್ಲಕ್ಕೂ ತುಕ್ಕು. ನಮ್ಮ ಮಳೆಗಾಲದ ತೇವದ ಗಾಳಿಯಲ್ಲಿ ಅದು ನೇರವಾಗಿ ಆಮ್ಲವಾಗುತ್ತದೆ. ಪರೀಕ್ಷೆ ಸುಲಭ: ಅಂಗಡಿಯ ಹೊರಗೆ, ಗಾಳಿ ಆಡುವಲ್ಲಿ, ತಾಮ್ರದ ತಂತಿಯೊಂದನ್ನು ಇಕ್ಕಳದಲ್ಲಿ ಹಿಡಿದು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಶೀಟಿನ ತುಂಡಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ ಎಂದರ್ಥ. ಆ ಶೀಟು ಕಟ್ಟರಿಗೆ ಮಾತ್ರ.

ಬಾಗಿದ ಶೀಟು ಕೊಡಗಿನ ನಿತ್ಯದ ಕಾಯಿಲೆ. ಈ ಶೀಟುಗಳಲ್ಲಿ ಬಳಸುವ ಅಕ್ರಿಲಿಕ್ ಮತ್ತು ಎಬಿಎಸ್ ಎಂಬ ಪ್ಲಾಸ್ಟಿಕ್ಕುಗಳು ಎರಡೂ ಗಾಳಿಯ ತೇವವನ್ನು ಸ್ವಲ್ಪ ಹೀರುತ್ತವೆ. ಗೋಡೆಗೆ ಒರಗಿಸಿಟ್ಟ ಶೀಟಿನ ಒಂದು ಮುಖ ಹೆಚ್ಚು, ಒಂದು ಮುಖ ಕಡಿಮೆ ತೇವ ಹೀರಿ, ಬಿಸಿಲಿಗೆ ಹರಡಿದ ಹಪ್ಪಳದಂತೆ ಅಂಚು ಮೇಲೇಳುತ್ತದೆ. ಶೀಟುಗಳನ್ನು ಮಲಗಿಸಿಡಿ, ಮೇಲೆ ಸಮತಟ್ಟಾದ ಪ್ಲೈವುಡ್ ಹೇರಿ, ನೆಲದಿಂದ ಒಂದಡಿ ಎತ್ತರದಲ್ಲಿಡಿ. ಹಂಚಿನ ಮನೆಯ ಅಂಗಡಿಯಾದರೆ ಹೊರಗೋಡೆಗೆ ತಾಗಿಸಲೇಬೇಡಿ. ಕೆಲಸಕ್ಕೆ ಹಾಕುವ ಹಿಂದಿನ ದಿನವೇ ಯಂತ್ರದ ಕೋಣೆಗೆ ತಂದಿಡುವುದು ಒಳ್ಳೆಯದು.

ಮೇಲ್ಪದರ ಪೂರ್ತಿ ಬಿಡುತ್ತಿಲ್ಲ

ಲೇಸರಿನಲ್ಲಿ ಕೆತ್ತಿದ ಜಾಗದಲ್ಲಿ ಮೇಲಿನ ಬಣ್ಣದ ತೆಳು ಗೆರೆಗಳು ಉಳಿದಿದ್ದರೆ, ಆ ಗೆರೆ ಯಾವ ರೀತಿಯದು ಎಂದು ನೋಡಿ. ಒಂದೇ ಅಂತರದಲ್ಲಿ ಅಡ್ಡಡ್ಡ ಉಳಿದಿದ್ದರೆ ಲೇಸರ್ ಹೊಡೆಯುವ ಗೆರೆಗಳ ನಡುವಿನ ಅಂತರ ಹೆಚ್ಚಾಗಿದೆ. 2 ಇಂಚಿನ ಲೆನ್ಸಿಗೆ 0.08ರಿಂದ 0.1 ಮಿ.ಮೀ. ಅಂತರ ಹೊಂದುತ್ತದೆ. ಅದಕ್ಕಿಂತ ಹತ್ತಿರ ಮಾಡಿದರೆ ಹೊತ್ತು ಹೆಚ್ಚು, ಶಾಖ ಹೆಚ್ಚು, ಲಾಭ ಏನೂ ಇಲ್ಲ.

ಬಣ್ಣ ತೇಪೆ ತೇಪೆಯಾಗಿ ಉಳಿದಿದ್ದರೆ ಮೊದಲು ಫೋಕಸ್. 2 ಇಂಚಿನ ಲೆನ್ಸಿನಲ್ಲಿ ಸರಿಯಾದ ಎತ್ತರದ ಆಚೀಚೆ ಸುಮಾರು 1 ಮಿ.ಮೀ. ಮಾತ್ರ ಸಹಿಸಿಕೊಳ್ಳುತ್ತದೆ. ಶೀಟು ನಡುವೆ 2 ಮಿ.ಮೀ. ಎದ್ದಿದ್ದರೆ ನಡುವಿನ ಅಕ್ಷರ ಮಸುಕು, ಅಂಚಿನದು ಸ್ಪಷ್ಟ. ನಿಜವಾದ ಫೋಕಸ್ ಎತ್ತರ ಹುಡುಕಲು ಕಂಪನಿ ಕೊಟ್ಟ ಅಳತೆಕಡ್ಡಿಯನ್ನು ಪೂರ್ತಿ ನಂಬಬೇಡಿ. ಒಂದು ಉದ್ದನೆಯ ತುಂಡನ್ನು ಒಂದು ಕಡೆ ಎತ್ತರಿಸಿ ಓರೆಯಾಗಿಟ್ಟು, ಅದರ ಮೇಲೆ ಒಂದೇ ನೇರ ಗೆರೆ ಹೊಡೆಯಿರಿ. ಗೆರೆ ಎಲ್ಲಿ ಅತಿ ಸಣ್ಣದಾಗಿದೆಯೋ ಆ ಎತ್ತರವೇ ಫೋಕಸ್. ಲೆನ್ಸ್ ಬಿಚ್ಚಿ ಹಾಕಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು, ಏಕೆಂದರೆ ಲೆನ್ಸ್ ತಲೆಕೆಳಗಾಗಿ ಕೂತರೂ ಯಂತ್ರ ಕೆತ್ತುತ್ತದೆ, ಗೆರೆ ಮಾತ್ರ ದಪ್ಪವಾಗುತ್ತದೆ.

ಫೋಕಸ್ ಸರಿಯಿದ್ದೂ ತೇಪೆ ಬರುತ್ತಿದೆ, ಅದೂ 80 ಅಥವಾ 100 ವ್ಯಾಟಿನ ದೊಡ್ಡ ಗಾಜಿನ ಟ್ಯೂಬಿನಲ್ಲಿ (ಲೇಸರ್ ಕಿರಣ ಹುಟ್ಟುವುದು ಇದರಲ್ಲೇ) ಎಂದಾದರೆ ಕಾರಣ ಬೇರೆ. ತೆಳು ಮೇಲ್ಪದರಕ್ಕೆ ಬಹಳ ಕಡಿಮೆ ಪವರ್ ಸಾಕು ಎಂದು 8 ಅಥವಾ 9 ಶೇಕಡಾಕ್ಕೆ ಇಳಿಸಿರುತ್ತೀರಿ. ಗಾಜಿನ ಟ್ಯೂಬು ಅಷ್ಟು ಕೆಳಗೆ ಒಂದೇ ಸಮನೆ ಉರಿಯುವುದಿಲ್ಲ, ಬಿಟ್ಟು ಬಿಟ್ಟು ಹೊಡೆಯುತ್ತದೆ. ಪವರನ್ನು 15ರ ಆಸುಪಾಸಿಗೆ ಏರಿಸಿ, ಅದಕ್ಕೆ ತಕ್ಕಂತೆ ವೇಗವನ್ನೂ ಏರಿಸಿ. 60 ವ್ಯಾಟಿನ ಟ್ಯೂಬಿಗೆ ಸೆಕೆಂಡಿಗೆ 300 ಮಿ.ಮೀ. ವೇಗ, 15ರಿಂದ 18 ಶೇಕಡಾ ಪವರ್, 0.08 ಮಿ.ಮೀ. ಅಂತರ ಇಟ್ಟುಕೊಂಡು ಅಲ್ಲಿಂದ ಹುಡುಕಾಟ ಶುರುಮಾಡಬಹುದು. ನಿಮ್ಮ ಟ್ಯೂಬು ಹಳೆಯದಾದಷ್ಟೂ ಈ ಅಂಕಿ ಮೇಲೆ ಸರಿಯುತ್ತದೆ.

ಒಳಪದರ ಹಳದಿಯಾಗಿದೆ, ಕರಗಿದೆ

ಬಿಳಿ ಒಳಪದರದಲ್ಲಿ ಕಂದು ಅಥವಾ ಹಳದಿ ಛಾಯೆ ಕಂಡರೆ ಅದು ಸುಟ್ಟದ್ದೋ ಹೊಗೆ ಕೂತದ್ದೋ ಎಂದು ಬೇರ್ಪಡಿಸಿ. ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿಗೆ ಸೋಪಿನ ನೀರು ಹಾಕಿ ಉಜ್ಜಿ. ಹೋದರೆ ಹೊಗೆ, ಹೋಗದಿದ್ದರೆ ಸುಟ್ಟಿದೆ.

ಹೊಗೆಯಾದರೆ ಪವರ್ ಮುಟ್ಟಬೇಡಿ, ಎಕ್ಸಾಸ್ಟ್ ನೋಡಿ. ಮಳೆ ಒಳಬರದಿರಲಿ ಎಂದು ಹೊರಗಿನ ಪೈಪಿಗೆ ಗೋಣಿಚೀಲವನ್ನೋ ತಗಡನ್ನೋ ಸಿಕ್ಕಿಸಿದ್ದರೆ ಗಾಳಿ ಹೊರಹೋಗದೆ ಹೊಗೆ ಒಳಗೇ ಸುತ್ತುತ್ತದೆ. ಪೈಪಿನ ಬಾಯನ್ನು ಕೆಳಮುಖ ಮಾಡಿ, ಒಂದು ಬಾಗು ಕೊಡಿ. ಮಳೆಯೂ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ. ಇನ್ನೊಂದು ಉಪಾಯ ಕೆತ್ತುವ ದಿಕ್ಕಿನದು. ಎಕ್ಸಾಸ್ಟ್ ಬೆಡ್ಡಿನ ಹಿಂಭಾಗದಲ್ಲಿದ್ದು ಕೆತ್ತನೆ ಹಿಂದಿನಿಂದ ಮುಂದಕ್ಕೆ ಬಂದರೆ, ಈಗಷ್ಟೇ ಕೆತ್ತಿ ಬಿಸಿಯಿರುವ ಅಕ್ಷರದ ಮೇಲೆ ಹೊಗೆ ಹಾಯುತ್ತದೆ, ಪುಡಿ ಅಂಟುತ್ತದೆ. ಮುಂದಿನಿಂದ ಹಿಂದಕ್ಕೆ, ಅಂದರೆ ಪರದೆಯಲ್ಲಿ ಕೆಳಗಿನಿಂದ ಮೇಲಕ್ಕೆ, ಕೆತ್ತುವಂತೆ ಬದಲಿಸಿ. ಆಗ ಹೊಗೆ ಇನ್ನೂ ಕೆತ್ತದ ಕಡೆಗೆ ಹೋಗುತ್ತದೆ. ಆ ಭಾಗದ ಮೇಲೆ ಕೂತದ್ದು ಮುಂದಿನ ಗೆರೆಗಳ ಜೊತೆ ಹೋಗುತ್ತದೆ, ಉಳಿದದ್ದು ಒರೆಸಿದರೆ ಬಿಡುತ್ತದೆ.

ಸುಟ್ಟಿದ್ದರೆ ವೇಗ ಏರಿಸಿ. ಪವರ್ ಇಳಿಸುವುದು ಎರಡನೆಯ ಹೆಜ್ಜೆ. ಕಿರಣ ಬೀಳುವಲ್ಲಿಗೆ ಗಾಳಿ ಊದುವ ಏರ್ ಅಸಿಸ್ಟ್ ಅನ್ನು ಕೆತ್ತನೆಯಲ್ಲಿ ಮೆಲ್ಲಗಿಡಿ. ಜೋರಾದ ಗಾಳಿ ಕರಗಿದ ಹನಿಗಳನ್ನು ಅಕ್ಷರದ ಅಂಚಿಗೆ ತಳ್ಳಿ ಅಲ್ಲೇ ಗಟ್ಟಿಮಾಡುತ್ತದೆ. ಕತ್ತರಿಸುವಾಗ ಜೋರಾಗಿ ಕೊಡಬಹುದು.

ಒರೆಸುವುದಕ್ಕೆ ಥಿನ್ನರ್, ಪೆಟ್ರೋಲ್, ನೇಲ್‌ಪಾಲಿಶ್ ತೆಗೆಯುವ ದ್ರವ ಯಾವುದನ್ನೂ ಹತ್ತಿರ ತರಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಕೆಲವು ಶೀಟಿಗೆ ಆಗುತ್ತದೆ, ಲೇಸರಿನಲ್ಲಿ ಕತ್ತರಿಸಿದ ಅಕ್ರಿಲಿಕ್ಕಿನ ಅಂಚಿನಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು ಎಬ್ಬಿಸುತ್ತದೆ. ಆ ಬಿರುಕು ಕೂಡಲೇ ಕಾಣದೆ ಮರುದಿನ ಕಂಡದ್ದೂ ಉಂಟು. ತುಂಡಿನ ಮೇಲೆ ಹಾಕಿ ಒಂದು ರಾತ್ರಿ ಬಿಟ್ಟು ನೋಡದೆ ಗಿರಾಕಿಯ ಫಲಕಕ್ಕೆ ಹಚ್ಚಬೇಡಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೇರೆಯೇ ಲೆಕ್ಕ

ಮಡಿಕೇರಿಯಲ್ಲಿ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) "ಅಣ್ಣಾ, ಟ್ಯೂಬು ವೀಕ್ ಆಗಿದೆ" ಎಂದು ಹುಡುಗ ಹೇಳಿದರೆ, ಹೊಸ ಟ್ಯೂಬಿಗೆ ಆರ್ಡರ್ ಹಾಕುವ ಮೊದಲು ಟ್ಯೂಬಿನ ನೀರನ್ನು ತಣಿಸುವ ಚಿಲ್ಲರಿನ ಮುಂದೆ ಹೋಗಿ ನಿಲ್ಲಿ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಊರು. ಮಳೆ ಹಿಡಿದ ದಿನಗಳಲ್ಲಿ ಗಾಳಿ 20, 22 ಡಿಗ್ರಿ, ತೇವಾಂಶ 90 ದಾಟಿ ಕೂತಿರುತ್ತದೆ. 22 ಡಿಗ್ರಿ ಗಾಳಿಯಲ್ಲಿ 95 ಶೇಕಡಾ ತೇವ ಇದ್ದರೆ ಇಬ್ಬನಿ ಬಿಂದು 21ಕ್ಕೂ ಸ್ವಲ್ಪ ಮೇಲೆ. ಅಂದರೆ 21ಕ್ಕಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಬಯಲುಸೀಮೆಯಲ್ಲಿ ಯಂತ್ರ ಕೂರಿಸಿದವರು ಹೇಳಿಕೊಟ್ಟಂತೆ ಚಿಲ್ಲರನ್ನು 18ಕ್ಕೆ ಇಟ್ಟಿದ್ದರೆ, ಟ್ಯೂಬಿನ ಬಾಯಿಯಲ್ಲಿ, ಅದರ ನೀರಿನ ನಳಿಕೆಗಳ ಮೇಲೆ ತೇವ ಕಟ್ಟಿ, ಕಿರಣ ಅಲ್ಲೇ ಸೊರಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಟ್ಯೂಬಿನ ತುದಿಯಲ್ಲಿ ಸಾವಿರಾರು ವೋಲ್ಟ್ ಇದೆ. ಒದ್ದೆಯಾದ ಜಾಗದಲ್ಲಿ ಅದು ಕಿಡಿ ಹಾರಿ ಯಂತ್ರದ ಲೋಹದ ಮೈಗೆ ಹರಿಯುತ್ತದೆ. ಟಿಕ್ ಟಿಕ್ ಎನ್ನುವ ಸಣ್ಣ ಸದ್ದು, ಓಝೋನಿನ ಘಾಟು ಬಂದರೆ ತಕ್ಷಣ ಮೇನ್ ಆರಿಸಿ. ಅರ್ತಿಂಗ್ ಸರಿಯಿಲ್ಲದ ಲೇಸರ್ ಯಂತ್ರದ ಮೈ ಮುಟ್ಟುವುದು ಪ್ರಾಣಕ್ಕೇ ಅಪಾಯ.

ಮಳೆಗಾಲದಲ್ಲಿ ಚಿಲ್ಲರನ್ನು ಕೋಣೆಯ ಉಷ್ಣತೆಗೆ ಸಮನಾಗಿ, ಅಥವಾ ಒಂದು ಡಿಗ್ರಿ ಮೇಲೆ ಇಡಿ. ಟ್ಯೂಬಿಗೆ 25 ಡಿಗ್ರಿವರೆಗೆ ಯಾವ ತೊಂದರೆಯೂ ಇಲ್ಲ. ಕುಶಾಲನಗರದ ಏಪ್ರಿಲ್ಲಿನಲ್ಲಿ ಕಥೆ ಬೇರೆ. ಅಲ್ಲಿ ಒಣ ಬಿಸಿಲು, ನೀರು 30ರ ಹತ್ತಿರ ಹೋದರೆ ಪವರ್ ಕುಸಿಯುತ್ತದೆ, ಆಗ ಚಿಲ್ಲರ್ ತಣ್ಣಗೇ ಇರಬೇಕು. ಒಂದೇ ಜಿಲ್ಲೆ, ಮೂವತ್ತು ಕಿಲೋಮೀಟರ್ ದೂರ, ಸೆಟ್ಟಿಂಗು ಎರಡು.

ಲೆನ್ಸಿನ ಮೇಲೆ ಮಂಜಿನಂಥ ಪೊರೆ ಕೂತಿದ್ದರೆ ಬಾಯಿಯಿಂದ ಊದಿ ಅಂಗಿಯ ತುದಿಯಲ್ಲಿ ಒರೆಸಬೇಡಿ. ಲೆನ್ಸ್ ಜಿಂಕ್ ಸೆಲೆನೈಡಿನದು, ಮೃದು, ಗೀರು ಬೇಗ ಬೀಳುತ್ತದೆ. ಲೆನ್ಸ್ ಕಾಗದಕ್ಕೆ ಎರಡು ಹನಿ ಐಸೊಪ್ರೊಪೈಲ್ ಹಾಕಿ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಒಡೆದ ಲೆನ್ಸಿನ ಪುಡಿ ವಿಷ, ಬರಿಗೈಯಲ್ಲಿ ಆಯಬಾರದು.

ವೋಲ್ಟೇಜು ತಿಳಿಯಲು ಒಂದು ಮಲ್ಟಿಮೀಟರ್ ಸದಾ ಪ್ಲಗ್ಗಿನ ಪಕ್ಕ ಇರಲಿ. 230ರ ಜಾಗದಲ್ಲಿ 190 ತೋರಿಸುವ ಹೊತ್ತಿನಲ್ಲಿ ಕೆತ್ತಿದ ಬ್ಯಾಡ್ಜು ಮಸುಕಾಗಿದ್ದರೆ ದೋಷ ನಿಮ್ಮದೂ ಅಲ್ಲ, ಶೀಟಿನದೂ ಅಲ್ಲ. ಸ್ಟೆಬಿಲೈಸರ್ ಹಾಕಿಸಿ. ಮರ ಬಿದ್ದು ಲೈನ್ ಹೋಗುವ ದಿನಗಳಲ್ಲಿ ಐವತ್ತು ಬ್ಯಾಡ್ಜಿನ ಶೀಟನ್ನು ಒಂದೇ ಫೈಲಾಗಿ ಓಡಿಸುವುದು ಬೇಡ. ಹತ್ತು ಹತ್ತರ ಐದು ಗುಂಪು ಮಾಡಿ. ನಡುವೆ ಕರೆಂಟು ಹೋದರೆ ಹತ್ತು ಹೋಗುತ್ತವೆ, ನಲವತ್ತು ಉಳಿಯುತ್ತವೆ.

ಅಕ್ಷರದ ಅಂಚು ಗರಗಸದಂತಿದೆ

ಅಡ್ಡಗೆರೆ ನಯವಾಗಿದ್ದು ಉದ್ದಗೆರೆಗಳ ಎಡ ಬಲ ಅಂಚಿನಲ್ಲಿ ಹಲ್ಲು ಕಂಡರೆ, ವೇಗವನ್ನು ಅರ್ಧ ಮಾಡಿ ಮತ್ತೆ ಕೆತ್ತಿ. ಹಲ್ಲು ಕಡಿಮೆಯಾದರೆ ಅದು ಹೋಗುವ ಗೆರೆ ಮತ್ತು ಬರುವ ಗೆರೆ ಹೊಂದದ ದೋಷ. ಸಾಫ್ಟ್‌ವೇರಿನಲ್ಲಿ ಆ ವೇಗಕ್ಕೆ ಹೊಂದುವ ಸರಿದೂಗಿಕೆಯ ಅಂಕಿ ಕೊಡಬೇಕು. ವೇಗ ಇಳಿಸಿದರೂ ಹಲ್ಲು ಹಾಗೇ ಇದ್ದರೆ ಬೆಲ್ಟು ಸಡಿಲ, ಇಲ್ಲವೇ ತಲೆಯ ಚಕ್ರ ಸವೆದಿದೆ, ಇಲ್ಲವೇ ಲೆನ್ಸ್ ಹಿಡಿದ ಉಂಗುರ ಅಲ್ಲಾಡುತ್ತಿದೆ. ಮೂರನೆಯದನ್ನು ಮೊದಲು ನೋಡಿ, ಬೆರಳಲ್ಲೇ ಗೊತ್ತಾಗುತ್ತದೆ.

ತಿರುಗುವ ಕಟ್ಟರಿನ ಯಂತ್ರದಲ್ಲಿ

ಇಲ್ಲಿ ಆಳವೇ ಎಲ್ಲ. ಮೇಲ್ಪದರದ ದಪ್ಪಕ್ಕಿಂತ 0.05ರಿಂದ 0.1 ಮಿ.ಮೀ. ಹೆಚ್ಚು ಇಳಿದರೆ ಸಾಕು. 60 ಡಿಗ್ರಿಯ ವಿ ಆಕಾರದ ಕಟ್ಟರಿನಲ್ಲಿ ಆಳ 0.1 ಮಿ.ಮೀ. ಬದಲಾದರೆ ಗೆರೆಯ ಅಗಲ ಸುಮಾರು 0.12 ಮಿ.ಮೀ. ಬದಲಾಗುತ್ತದೆ. ಹೆಸರಿನ ಮೊದಲ ಅಕ್ಷರ ಸಪೂರ, ಕೊನೆಯದು ದಪ್ಪ ಎಂದು ಗಿರಾಕಿ ತೋರಿಸುವುದು ಇದನ್ನೇ. ಶೀಟನ್ನು ನಾಲ್ಕು ಮೂಲೆಗೆ ಮಾತ್ರ ಟೇಪ್ ಹಾಕಿ ಕೂರಿಸಿದ್ದರೆ ನಡುವೆ ಉಬ್ಬಿರುತ್ತದೆ. ಎರಡು ಬದಿ ಅಂಟುವ ತೆಳು ಟೇಪನ್ನು ತಳಪೂರ್ತಿ ಹಾಕಿ. ಮೂತಿಗೆ ಆಳ ನಿಯಂತ್ರಿಸುವ ಉಂಗುರ ಇದ್ದರೆ ಬಳಸಿ. ಅದು ಶೀಟಿನ ಮೇಲೆಯೇ ಜಾರುತ್ತಾ ಹೋಗುವುದರಿಂದ ಉಬ್ಬುತಗ್ಗನ್ನು ತಾನೇ ಹಿಂಬಾಲಿಸುತ್ತದೆ. ಗೀರು ಬೀಳದಿರಲು ರಕ್ಷಣೆಯ ಫಿಲ್ಮನ್ನು ಕೆತ್ತಿದ ಮೇಲೆ ತೆಗೆಯಿರಿ.

ಸಿಪ್ಪೆ ಸುರುಳಿಯಾಗಿ ಬರದೆ ಅಂಟಂಟಾದ ಉಂಡೆಯಾದರೆ ಪ್ಲಾಸ್ಟಿಕ್ ಕರಗುತ್ತಿದೆ. ಸ್ಪಿಂಡಲ್ ವೇಗ ಇಳಿಸಿ, ಮುಂದಕ್ಕೆ ಹೋಗುವ ವೇಗ ಏರಿಸಿ. ನಿಮಿಷಕ್ಕೆ 12,000ರಿಂದ 15,000 ಸುತ್ತು ಹೆಚ್ಚಿನ ಶೀಟಿಗೆ ಹೊಂದುತ್ತದೆ. ಅಂಚಿನಲ್ಲಿ ಕೂದಲಿನಂಥ ಎಳೆ ನಿಂತರೆ ಕಟ್ಟರ್ ಮೊಂಡಾಗಿದೆ. ಎಳೆಯನ್ನು ಬ್ಲೇಡಿನಲ್ಲಿ ಕೆರೆದು ಕೊಡುವುದು ಗಿರಾಕಿಗೆ ಮಾಡುವ ಅನ್ಯಾಯ, ಏಕೆಂದರೆ ಹರಿತ ಕಳೆದುಕೊಂಡ ಕಟ್ಟರ್ ಮೇಲ್ಪದರವನ್ನು ಕತ್ತರಿಸದೆ ಕಿತ್ತಿರುತ್ತದೆ, ಆ ಅಂಚು ಮುಂದೆ ಏಳುತ್ತದೆ. ಒಂದೇ ಅಲಗಿನ ಕಾರ್ಬೈಡ್ ಕಟ್ಟರ್ ಬಳಸಿ, ಹರಿತಕ್ಕೆ ಕಳಿಸಿ. ಲೋಹಕ್ಕೆ ಬಳಸುವ ವಜ್ರದ ಮೊನೆ ಇಲ್ಲಿ ನಡೆಯದು. ಅದು ಗೀರುತ್ತದೆಯೇ ಹೊರತು ಪದರ ತೆಗೆಯುವುದಿಲ್ಲ.

ಕನ್ನಡ ಅಕ್ಷರ ಮಾತ್ರ ಕೆಡುತ್ತಿದೆ

ಇಂಗ್ಲಿಷ್ ಸಾಲು ಮುತ್ತಿನಂತೆ ಬಂದು ಕನ್ನಡ ಸಾಲು ಕೆಟ್ಟರೆ ಯಂತ್ರವನ್ನು ಮುಟ್ಟಲೇಬೇಡಿ. ದೋಷ ಫೈಲಿನಲ್ಲಿದೆ. ಇದಕ್ಕೆ ಬೆಲೆ ಕೊಡದವರೇ ಹೆಚ್ಚು, ಆದರೆ ನಮ್ಮ ಕಡೆಯ ಅಂಗಡಿಗಳ ಫಲಕಗಳಲ್ಲಿ ನಾನು ಕಾಣುವ ಅರ್ಧಕ್ಕರ್ಧ ತಪ್ಪು ಇಲ್ಲಿಯದೇ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ವ್ಯಾಪಾರದ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಕನ್ನಡ ಸಾಲೇ ದೊಡ್ಡದು, ಕಣ್ಣಿಗೆ ಮೊದಲು ಬೀಳುವುದು. ಅದು ಕೆಟ್ಟರೆ ಫಲಕವೇ ಕೆಟ್ಟಂತೆ.

ಮೊದಲ ಲಕ್ಷಣ: ಒತ್ತಕ್ಷರ ಬಿಡಿಬಿಡಿಯಾಗುವುದು. "ನಾಪೋಕ್ಲು" ಎಂದು ಟೈಪ್ ಮಾಡಿದರೆ ಕ, ಅದರ ಪಕ್ಕ ಒಂದು ಅರ್ಧಚಿಹ್ನೆ, ಆಮೇಲೆ ಲು ಎಂದು ಸಾಲಾಗಿ ನಿಲ್ಲುತ್ತದೆ. ಕೆತ್ತನೆ ಯಂತ್ರದ ಜೊತೆ ಬರುವ ಎಷ್ಟೋ ಸಾಫ್ಟ್‌ವೇರುಗಳಿಗೆ ಕನ್ನಡದ ಒತ್ತು, ಗುಣಿತ ಜೋಡಿಸಲು ಬರುವುದಿಲ್ಲ. ಅಲ್ಲಿ ಕನ್ನಡ ಟೈಪ್ ಮಾಡುವುದನ್ನು ಬಿಡಿ. ಇಂಕ್‌ಸ್ಕೇಪ್ ಅಥವಾ ಕೋರೆಲ್‌ಡ್ರಾದಲ್ಲಿ ಯುನಿಕೋಡ್ ಫಾಂಟಿನಲ್ಲಿ ಬರೆದು, ಅಕ್ಷರವನ್ನು ಕರ್ವ್ (ಫಾಂಟ್ ಬೇಡದ ಬರಿಯ ಗೆರೆಯ ಆಕಾರ) ಆಗಿ ಬದಲಿಸಿ ಆಮೇಲೆ ತನ್ನಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಗಿರಾಕಿಯಿಂದ ಬಂದರೂ ಕರ್ವ್ ಮಾಡಿಯೇ ಕಳಿಸಲು ಹೇಳಿ. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿರುವಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ.

ಎರಡನೆಯದು ಹೆಚ್ಚು ಮೋಸದ್ದು. ಅಕ್ಷರ ಸರಿಯಾಗಿದೆ, ಆದರೆ ತಲೆಕಟ್ಟು ಅಕ್ಷರಕ್ಕೆ ಸೇರುವಲ್ಲಿ, ಕೊಂಬು ಅಂಟುವಲ್ಲಿ, ಎಲೆಯಾಕಾರದ ಸಣ್ಣ ಚುಕ್ಕೆ ಕೆತ್ತದೆ ಉಳಿಯುತ್ತದೆ. ಪರದೆಯಲ್ಲಿ ಅದು ಕಾಣದೆಯೂ ಇರಬಹುದು. ಕಾರಣ ಇಷ್ಟು: ಫಾಂಟಿನಲ್ಲಿ ಅಕ್ಷರ, ತಲೆಕಟ್ಟು, ಗುಣಿತ ಬೇರೆ ಬೇರೆ ತುಂಡುಗಳು. ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಎರಡು ಆಕಾರ ಹತ್ತಿಕೂತ ಜಾಗವನ್ನು ಯಂತ್ರದ ಸಾಫ್ಟ್‌ವೇರು ಖಾಲಿ ಎಂದು ತಿಳಿದು ಬಿಟ್ಟುಬಿಡುತ್ತದೆ. ಕಟ್ಟರಿನ ಯಂತ್ರದಲ್ಲಾದರೆ ಆ ಸೇರುವಲ್ಲಿ ಒಂದು ತೆಳು ಗೋಡೆ ನಿಲ್ಲುತ್ತದೆ. ಕರ್ವ್ ಮಾಡಿದ ಮೇಲೆ ಪ್ರತಿ ಅಕ್ಷರದ ತುಂಡುಗಳನ್ನು ವೆಲ್ಡ್ ಮಾಡಿ ಒಂದಾಗಿಸಬೇಕು, ಇಂಕ್‌ಸ್ಕೇಪಿನಲ್ಲಿ ಅದಕ್ಕೆ ಯೂನಿಯನ್ ಎನ್ನುತ್ತಾರೆ. ಮಾಡಿದ ಮೇಲೆ ಠ, ಅ, ಥ ಮುಂತಾದವುಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗಿದೆಯೇ ಎಂದು ದೊಡ್ಡದಾಗಿಸಿ ನೋಡಿ. ಗೆರೆ ಮಾತ್ರ ತೋರಿಸುವ ನೋಟದಲ್ಲಿ ನೋಡಿದರೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ.

ಮೂರನೆಯದು ಗಾತ್ರ. "ಇಗ್ಗುತ್ತಪ್ಪ" ಎಂಬ ಹೆಸರಿನಲ್ಲಿ ಮೂರು ಒತ್ತುಗಳಿವೆ. ಮೇಲಿನ ಅಕ್ಷರ 4 ಮಿ.ಮೀ. ಇದ್ದರೆ ಕೆಳಗಿನ ಒತ್ತು ಅದರ ಅರ್ಧದಷ್ಟು, ಒತ್ತಿನ ಒಳಗಿನ ಬಿಡುವು ಅರ್ಧ ಮಿಲಿಮೀಟರೂ ಇಲ್ಲ. 0.5 ಮಿ.ಮೀ. ತುದಿಯ ಕಟ್ಟರ್ ಅಲ್ಲಿ ಓಡಿದರೆ ಒತ್ತು ಒಂದು ಚುಕ್ಕೆಯಾಗುತ್ತದೆ. ಧ ಅಕ್ಷರದ ಕೆಳಗಿನ ಸೀಳು ಮುಚ್ಚಿ "ಮಾಧವ" ಎಂಬುದು "ಮಾದವ" ಆಗುತ್ತದೆ. ಷ ಒಳಗಿನ ಗೆರೆ ಕಾಣದೆ ಪ ಆಗುತ್ತದೆ. ಒಬ್ಬರ ಹೆಸರನ್ನು ತಪ್ಪಾಗಿ ಕೆತ್ತಿ ಎದೆಗೆ ಹಾಕಿಸುವುದು ಸಣ್ಣ ಸಂಗತಿಯಲ್ಲ. 0.5 ಮಿ.ಮೀ. ತುದಿಗೆ ಕನ್ನಡ ಅಕ್ಷರ 8 ಮಿ.ಮೀ.ಗಿಂತ ಕಡಿಮೆ ಇಡಬೇಡಿ. ಬ್ಯಾಡ್ಜಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ 0.25ರ ತುದಿಗೆ ಹೋಗಿ, ಇಲ್ಲವೇ ಲೇಸರಿಗೆ ಹೋಗಿ. ಫಾಂಟು ಸಪೂರದ್ದು ಆರಿಸಿ, ದಪ್ಪ ಅಕ್ಷರ ದೂರದಿಂದ ಓದುವ ಬೋರ್ಡಿಗೆ ಮಾತ್ರ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಒಂದೂವರೆ ಪಟ್ಟು ಇಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗಿರಾಕಿಯ ಒಪ್ಪಿಗೆಯನ್ನು ಮೊಬೈಲ್ ಪರದೆಯಲ್ಲಿ ಪಡೆಯಬೇಡಿ. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಕೈಗೆ ಕೊಡಿ, ಓದಿ ಸಹಿ ಹಾಕಲಿ.

ಹಿಂದಿನಿಂದ ಕೆತ್ತಿ ಬಣ್ಣ ತುಂಬುವ ಫಲಕ

ಮೇಲೆ ಪಾರದರ್ಶಕ, ಹಿಂದೆ ಬಣ್ಣದ ಪದರ ಇರುವ ಶೀಟಿನಲ್ಲಿ ಹಿಂಬದಿಯಿಂದ ಕನ್ನಡಿಬಿಂಬದಂತೆ ಕೆತ್ತಿ ಬಣ್ಣ ತುಂಬುತ್ತಾರೆ. ಮುಂಭಾಗ ನಯವಾಗಿಯೇ ಉಳಿಯುವುದರಿಂದ ಪಾಚಿ, ಧೂಳು ಅಕ್ಷರದಲ್ಲಿ ಕೂರುವುದಿಲ್ಲ. ನಮ್ಮ ಮಳೆಗೆ ಇದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದರಲ್ಲಿ ಬರುವ ದೋಷ ಮುಖ್ಯವಾಗಿ ಎರಡು. ಬಣ್ಣ ಒಣಗಿದ ಮೇಲೆ ಹಾಲಿನಂತೆ ಬೆಳ್ಳಗಾದರೆ, ಬೇಗ ಆರುವ ಲ್ಯಾಕರ್ ಬಣ್ಣ ಗಾಳಿಯ ತೇವವನ್ನು ತನ್ನ ಮೇಲೆ ಎಳೆದುಕೊಂಡಿದೆ. ಮಳೆಯ ದಿನ ಲ್ಯಾಕರ್ ಬೇಡ, ನೀರಿನ ಅಕ್ರಿಲಿಕ್ ಬಣ್ಣ ತುಂಬಿ, ಬಲ್ಬು ಉರಿಸಿಟ್ಟ ಪೆಟ್ಟಿಗೆಯಲ್ಲಿ ಒಣಗಿಸಿ. ಬಣ್ಣ ಹಾಕಿದ ಕೂಡಲೇ ಜೇಡರಬಲೆಯಂಥ ಬಿರುಕು ಎದ್ದರೆ ಅದರ ಥಿನ್ನರ್ ಅಕ್ರಿಲಿಕ್ಕನ್ನು ತಿನ್ನುತ್ತಿದೆ. ಅದಕ್ಕೆ ರಿಪೇರಿ ಇಲ್ಲ.

ಗೋಡೆಗೆ ಹಾಕಿದ ಮೇಲೆ ಬರುವ ದೂರು

ಫಲಕ ಕಳಚಿ ಬಿದ್ದರೆ ಟೇಪನ್ನು ತೆಗೆದು ನೋಡಿ. ಅಂಟು ಫಲಕದ ಹಿಂದೆ ಉಳಿದು ಅದಕ್ಕೆ ಸುಣ್ಣದ ಪುಡಿ ಹತ್ತಿದ್ದರೆ ಗೋಡೆ ಬಿಟ್ಟಿದೆ. ಸುಣ್ಣ ಬಳಿದ ಹಳೆಯ ಗೋಡೆ, ಮಳೆಗೆ ಪಾಚಿ ಹಿಡಿಯುವ ಕಲ್ಲು, ಇವಕ್ಕೆ ಯಾವ ಟೇಪೂ ಆಗದು, ಸ್ಕ್ರೂ ಹಾಕಿ. ಅಂಟು ಗೋಡೆಯಲ್ಲೇ ಉಳಿದು ಫಲಕ ಮಾತ್ರ ಬಿದ್ದಿದ್ದರೆ ಫಲಕದ ಹಿಂಬದಿಯನ್ನು ಒರೆಸದೆ ಅಂಟಿಸಿದ್ದಾರೆ.

ಸ್ಕ್ರೂ ತೂತಿನಿಂದ ಬಿರುಕು ಹೊರಟಿದ್ದರೆ ತೂತು ಬಿಗಿಯಾಗಿದೆ. ಅಕ್ರಿಲಿಕ್ ಶಾಖಕ್ಕೆ ಮೀಟರಿಗೆ ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. 60 ಸೆಂ.ಮೀ. ಉದ್ದದ ಕಪ್ಪು ಫಲಕ ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 25 ಡಿಗ್ರಿ ಏರಿದರೂ 1 ಮಿ.ಮೀ. ಬೆಳೆಯುತ್ತದೆ. ತೂತನ್ನು ಸ್ಕ್ರೂಗಿಂತ 2 ಮಿ.ಮೀ. ದೊಡ್ಡದು ಮಾಡಿ, ರಬ್ಬರ್ ವಾಶರ್ ಹಾಕಿ, ಪೂರ್ತಿ ಬಿಗಿಯಬೇಡಿ. ಬಣ್ಣ ಮಾಸಿ ಪುಡಿಪುಡಿಯಾಗುತ್ತಿದ್ದರೆ ಅದು ಎಬಿಎಸ್ ಶೀಟು, ಬಿಸಿಲಿಗೆ ತಾಳುವುದಿಲ್ಲ. ಹೊರಗೋಡೆಗೆ, ಗೇಟಿಗೆ, ತೋಟದ ದಾರಿಯ ಕಂಬಕ್ಕೆ ಬಿಸಿಲು ತಾಳುವ ಅಕ್ರಿಲಿಕ್ ಶೀಟನ್ನೇ ಕೇಳಿ ತರಿಸಿ. ಎಬಿಎಸ್ ಅನ್ನು ಕೋಣೆಯೊಳಗಿನ ನಂಬರಿಗೆ, ಬ್ಯಾಡ್ಜಿಗೆ ಇಟ್ಟುಕೊಳ್ಳಿ.